ಕೆಂಪು ಹತ್ತಿತಾ?

ಹೋದ ವಾರ ಮೆಟ್ಟಿಲಿಳಿಯುವಾಗ ಬಲಗಾಲು ಉಳುಕಿತು. ಹೆಂಡತಿ ಔಷಧಿ ಅಂಗಡಿಯಿಂದ ನೋವಿನ ಪಟ್ಟಿ ತಂದು, ಹಾಳೆ ಸುಲಿದು, ಪಾದದ ಗಂಟಿನ ಮೇಲೆ ಅಂಟಿಸಿದಳು. ಬಿಳಿಯ, ಅಂಗೈಯಗಲದ, ತಣ್ಣಗಿನ ಪಟ್ಟಿ. ಮಾರನೆಯ ದಿನ ಪೇಟೆಗೆ ಹೊರಟು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಾಗ ಅದರ ವಾಸನೆ ಮೇಲಕ್ಕೆ ಬಂತು. ಕರ್ಪೂರ, ಪುದೀನ, ಅವುಗಳ ಅಡಿಯಲ್ಲಿ ಏನೋ ಒಂದು ಕಹಿ. ಕಾರು ಶುರು ಮಾಡದೆ ಹಾಗೇ ಕೂತೆ. ಅದು ನನ್ನ ಕಾರಿನ ವಾಸನೆಯಾಗಿರಲಿಲ್ಲ. ಹಿರೋಷಿಮಾದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಅಜ್ಜನ ಕಾರಿನ ವಾಸನೆ.

ಆಗ ನಾನು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಎರಡಂತಸ್ತಿನ ಹಳೆಯ ಕಟ್ಟಡದಲ್ಲಿ ಮೇಲೆ ನಾವು, ಕೆಳಗೆ ಅಜ್ಜ. ನಮ್ಮ ಮಗಳು ಇನ್ನೂ ಶಿಶುವಿಹಾರಕ್ಕೆ ಹೋಗುತ್ತಿದ್ದಳು. ಅವಳು ಅವರನ್ನು 'ಜೀಚಾನ್' ಎನ್ನುತ್ತಿದ್ದಳು, ತಾತ ಅಂದಹಾಗೆ. ಅವರು ನನ್ನನ್ನು 'ಹಕಾಸೆ' ಎನ್ನುತ್ತಿದ್ದರು. ಪಂಡಿತರೇ ಎಂದು ಗೇಲಿ ಮಾಡಿದಹಾಗೆ. ಆಯಸ್ಸೆಲ್ಲ ಊರಿನ ಟ್ರಾಮ್ ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು. ಮಗಳು ಒಸಾಕಾದಲ್ಲಿ.

ನಮಗೆ ಸ್ನೇಹ ಬೆಳೆದದ್ದು ನನ್ನ ಡ್ರೈವಿಂಗ್ ಲೈಸೆನ್ಸಿನಿಂದ. ಬೆಂಗಳೂರಿನ ಲೈಸೆನ್ಸನ್ನು ಜಪಾನಿನದಕ್ಕೆ ಬದಲಾಯಿಸಬೇಕಾದರೆ ಪರೀಕ್ಷೆ ಕೊಡಬೇಕು. ನಮ್ಮವರಲ್ಲಿ ಮೊದಲ ಸಲಕ್ಕೇ ಪಾಸಾದವರನ್ನು ನಾನು ಕಂಡಿರಲಿಲ್ಲ. ನಾನೂ ಮತ್ತೆ ಮತ್ತೆ ಫೇಲಾಗಿ, ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದೆ. ಒಂದು ದಿನ ಅಜ್ಜ ಗೇಟಿನಲ್ಲಿ ತಡೆದು, "ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಓಡಿಸಿದವನು ನಾನು ಅಂತಿದ್ದೆಯಲ್ಲ ಹಕಾಸೆ, ಇಲ್ಲಿ ಖಾಲಿ ಮೈದಾನದಲ್ಲಿ ಓಡಿಸಕ್ಕಾಗಲ್ವಾ?" ಎಂದರು. ಆಮೇಲೆ ತಮ್ಮ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡರು. ಎಂಜಿನ್ ಶುರು ಮಾಡಲು ಬಿಡಲಿಲ್ಲ. ನಿಂತ ಕಾರಿನಲ್ಲೇ ಪಾಠ.

"ಕಣ್ಣು ಹೊರಳಿಸಿದರೆ ಯಾರಿಗೆ ಗೊತ್ತಾಗುತ್ತೆ? ಕತ್ತು ತಿರುಗಿಸು. ಬೆರಳು ಮಾಡಿ ತೋರಿಸು. ಬಾಯಿಬಿಟ್ಟು ಹೇಳು."

ಟ್ರಾಮ್, ರೈಲು ಓಡಿಸುವವರಿಗೆ ಇಲ್ಲಿ ಇದು ವ್ರತದ ಹಾಗೆ. ಸಿಗ್ನಲ್ ಕಂಡರೆ ಬೆರಳು ತೋರಿಸಿ ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು. ಬಾಗಿಲು ಮುಚ್ಚಿದ್ದನ್ನು ನೋಡಿದರೆ, ಮುಚ್ಚಿದೆ ಎಂದು ಹೇಳಬೇಕು. ಕೊನೆಗೆ 'ಯೋಷಿ', ಸರಿಯಾಗಿದೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಹೇಳಬೇಕು. "ನೋಡಿದ್ದು ನೋಡಿದಹಾಗೆ ಆಗೋದು ಬಾಯಲ್ಲಿ ಬಂದ ಮೇಲೆ" ಎನ್ನುತ್ತಿದ್ದರು. ನನಗೆ ನಾಚಿಕೆಯಾಗುತ್ತಿತ್ತು. ಎಡಗಡೆ ಯೋಷಿ, ಹಿಂದೆ ಯೋಷಿ ಎಂದು ನಿಂತ ಕಾರಿನಲ್ಲಿ ಕೂಗುವ ಗಂಡನನ್ನು ಮೇಲಿನ ಬಾಲ್ಕನಿಯಿಂದ ನೋಡಿ ಹೆಂಡತಿ ನಗುತ್ತಿದ್ದಳು. ಮುಂದಿನ ಪರೀಕ್ಷೆಯಲ್ಲಿ ಪಾಸಾದೆ.

ಅದಾದ ಮೇಲೆ ಅಜ್ಜ ನಮ್ಮನ್ನು ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋಗತೊಡಗಿದರು. ಅವರು ಯಾವಾಗಲೂ ಎರಡು ಸೀಟು ಕೊಳ್ಳುತ್ತಿದ್ದರು. ಎರಡನೆಯದು ಹೆಂಡತಿಯದಾಗಿತ್ತು. "ಖಾಲಿ ಸೀಟಿನ ಮೇಲೆ ಚೀಲ ಇಡಕ್ಕೆ ಮನಸ್ಸು ಬರಲ್ಲ, ನೀನು ಬಾ" ಎಂದರು. ನಾನು ಕೂತೆ, ನನ್ನ ತೊಡೆಯ ಮೇಲೆ ಮಗಳು.

ಮನೆ ಮುಂದಿನಿಂದಲೇ ಟ್ರಾಮ್ ಹೋಗುತ್ತಿತ್ತು. ಕ್ರೀಡಾಂಗಣದ ಹತ್ತಿರವೇ ಇಳಿಸುತ್ತಿತ್ತು. ಆದರೂ ಅಜ್ಜ ಕಾರಿನಲ್ಲೇ ಹೋಗಬೇಕು. ನೌಕರಿಯಲ್ಲಿದ್ದಾಗ ಪಂದ್ಯದ ದಿನ ಅವರಿಗೆ ರಜೆ ಸಿಗುತ್ತಿರಲಿಲ್ಲವಂತೆ. ಊರಿನ ತಂಡದ ಕೆಂಪು ಅಂಗಿ ತೊಟ್ಟ ಜನವನ್ನು ತುಂಬಿಕೊಂಡು ಹೋಗಿ, ಇಳಿಸಿ, ಬಾಗಿಲು ಮುಚ್ಚಿ ವಾಪಸು ಬರುವುದು. ಕೂಗು ಮಾತ್ರ ಬೆನ್ನ ಹಿಂದೆ ಕೇಳಿಸುತ್ತಿತ್ತಂತೆ. ನಿವೃತ್ತಿಯಾದ ಮೇಲೆ ನಿನ್ನನ್ನು ಸ್ವಂತ ಕಾರಿನಲ್ಲಿ ಆಟಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರು. ಕೆಲವು ವರ್ಷ ಆ ಮಾತು ನಡೆದಿತ್ತು. ಆಕೆ ಇಲ್ಲದ ಮೇಲೂ ನಡೆಯುತ್ತಿತ್ತು.

ಊರ ನಡುವಿನ ಆ ಕ್ರೀಡಾಂಗಣದ ಸುತ್ತ ಪಂದ್ಯದ ದಿನ ಕಾರು ನಿಲ್ಲಿಸುವುದೆಂದರೆ ಆಟಕ್ಕಿಂತ ದೊಡ್ಡ ಆಟ. ಮಧ್ಯಾಹ್ನದ ಪಂದ್ಯಕ್ಕೆ ನಾವು ಬೆಳಗಿನ ತಿಂಡಿಗೆ ಮೊದಲೇ ಹೊರಡುತ್ತಿದ್ದೆವು. ಹೆಂಡತಿ ಚಿತ್ರಾನ್ನ ಕಟ್ಟಿಕೊಡುತ್ತಾ, "ನೀವು ಮ್ಯಾಚ್ ನೋಡಕ್ಕೆ ಹೋಗ್ತಿದೀರೋ, ಪಾರ್ಕಿಂಗ್ ನೋಡಕ್ಕೆ ಹೋಗ್ತಿದೀರೋ?" ಎನ್ನುತ್ತಿದ್ದಳು. ರೈಲು ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಚಿಕ್ಕ ಪಾರ್ಕಿಂಗ್ ಜಾಗವಿತ್ತು. ಕೆಲವೇ ಕಾರು ಹಿಡಿಸುವಂಥದ್ದು. ಹಿಂಬದಿಗೆ ತಂತಿ ಬಲೆಯ ಬೇಲಿ, ಬೇಲಿಯಾಚೆ ಕಾಲುದಾರಿ. ಅದರ ಮೂಲೆಯ ಜಾಗ ಅಜ್ಜನದು ಎಂದು ಅವರೇ ತೀರ್ಮಾನಿಸಿಬಿಟ್ಟಿದ್ದರು. ಅಲ್ಲಿ ಬೇರೆ ಕಾರು ನಿಂತಿದ್ದರೆ ಇಡೀ ದಿನ ತಂಡ ಸೋಲುತ್ತದೆಂಬ ಮುಖ ಮಾಡಿಕೊಂಡಿರುತ್ತಿದ್ದರು.

ಇಲ್ಲಿ ಎಲ್ಲರೂ ಕಾರನ್ನು ಹಿಂದಕ್ಕೆ ತಂದೇ ನಿಲ್ಲಿಸುತ್ತಾರೆ. ಯಾರಾದರೊಬ್ಬರು ಹಿಂದೆ ನಿಂತು 'ಓರಾಯ್, ಓರಾಯ್' ಎಂದು ಕೂಗುತ್ತಾರೆ. ನಾನು ಮಗಳಿಗೆ ನಮ್ಮ ಬಿಎಂಟಿಸಿ ಕಂಡಕ್ಟರರ ಮಾತು ಕಲಿಸಿದ್ದೆ. ಅವಳು ಬೇಲಿಯಾಚೆಯ ಕಾಲುದಾರಿಯಲ್ಲಿ, ಬಲೆಯ ಕಣ್ಣುಗಳಲ್ಲಿ ಎರಡೂ ಕೈಬೆರಳು ಸಿಕ್ಕಿಸಿಕೊಂಡು ನಿಂತು, "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಎಂದು ಕಿರುಚುತ್ತಿದ್ದಳು. ಅಜ್ಜನಿಗೆ ಇದು ಎಷ್ಟು ಹಿಡಿಸಿತೆಂದರೆ ಕಟ್ಟಡದ ಮುಂದೆ ಕೊರಿಯರ್ ವ್ಯಾನು ಹಿಂದಕ್ಕೆ ಬಂದರೂ "ಬರ್ಲಿ" ಎನ್ನುತ್ತಿದ್ದರು. ಮಗು ಬೇಲಿಯಾಚೆ ಇರುವುದರಿಂದ ಅಪಾಯವಿಲ್ಲವೆಂದು ನಾವೆಲ್ಲರೂ ಅಂದುಕೊಂಡಿದ್ದೆವು.

ಆ ವರ್ಷ ಅವರ ಬಲಗಾಲಿನ ನೋವು ಹೆಚ್ಚಾಗಿತ್ತು. ಕಾರಿನೊಳಗೆಲ್ಲ ಪಟ್ಟಿಯ ವಾಸನೆ. ವಯಸ್ಸಾದವರು ಲೈಸೆನ್ಸನ್ನು ತಾವಾಗಿ ಪೊಲೀಸ್ ಠಾಣೆಗೆ ಹಿಂತಿರುಗಿಸುವ ಪದ್ಧತಿ ಇಲ್ಲಿದೆ. ಹಿಂತಿರುಗಿಸಿಬಿಡಪ್ಪಾ ಎಂದು ಒಸಾಕಾದ ಮಗಳು ಫೋನಿನಲ್ಲಿ ಹಟ ಹಿಡಿದಿದ್ದರು. ಶರತ್ಕಾಲದಲ್ಲಿ ನವೀಕರಣ ಬರುವುದಿತ್ತು. "ಕಾರು ಹೋದರೆ ಆಟವೂ ಹೋಯಿತು ಅಂತಲೇ ಲೆಕ್ಕ, ಹಕಾಸೆ" ಎಂದಿದ್ದರು. ಹೆಂಡತಿಗೆ ಕೊಟ್ಟ ಮಾತಿನ ವಿಷಯ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಅವತ್ತಿನದನ್ನು ನಾನು ಕಂಡಷ್ಟೇ ಹೇಳುತ್ತೇನೆ.

ಮೋಡವಿಲ್ಲದ ಬೆಳಗು. ದಾರಿಯಲ್ಲಿ ಕೊಂಬಿನಿ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಅಜ್ಜ ಮಗಳಿಗೆ ಒಂದು ಜೊತೆ ಪ್ಲಾಸ್ಟಿಕ್ ಬ್ಯಾಟು ಕೊಡಿಸಿದ್ದರು. ಪ್ರೇಕ್ಷಕರು ಒಂದಕ್ಕೊಂದು ಬಡಿದು ಸದ್ದು ಮಾಡುವ ಪುಟ್ಟ ಬ್ಯಾಟುಗಳು. ಮೂಲೆಯ ಜಾಗ ಖಾಲಿ ಇತ್ತು. ನಾನೂ ಮಗಳೂ ಇಳಿದೆವು. ಅವಳು ಕಾಲುದಾರಿಗೆ ಹೋಗಿ ನಿಂತಳು. ಕೈಯಲ್ಲಿ ಬ್ಯಾಟುಗಳಿದ್ದುದರಿಂದ ಅವತ್ತು ಅವಳು ಬೇಲಿಯನ್ನು ಹಿಡಿದುಕೊಂಡಿರಲಿಲ್ಲ. ಬಡಿಯಲು ಜಾಗ ಬೇಕೆಂದು ಸ್ವಲ್ಪ ಹಿಂದೆ ಸರಿದಿದ್ದಳು. ನಾನು ಬೇಲಿಯ ಈಚೆ, ಕಾರಿನ ಹಿಂಬದಿಯ ಎಡಮೂಲೆಗೆ ನಿಂತಿದ್ದೆ.

ಕಾರು ಹಿಂದಕ್ಕೆ ಬರತೊಡಗಿತು. ಬಿಳಿ ದೀಪ ಹತ್ತಿತ್ತು. ಎಂದಿನಂತೆ ಬ್ರೇಕಿನ ಕೆಂಪು ದೀಪ ಹತ್ತಿ ಆರಿ, ಹತ್ತಿ ಆರಿ, ನಿಧಾನವಾಗಿ ಬರುತ್ತಿತ್ತು. "ಬರ್ಲಿ, ಬರ್ಲಿ" ಎಂದು ಮಗಳು ಬ್ಯಾಟು ಬಡಿದಳು. "ಹೋಲ್ಡಾನ್!" ಎಂದಳು. ಕೆಂಪು ಹತ್ತಬೇಕಾದ ಹೊತ್ತು ಅದು. ಹತ್ತಲಿಲ್ಲ. ಎಂಜಿನ್ ಗುಡುಗಿತು. ಕಾರು ಚಕ್ರ ತಡೆಯುವ ಕಾಂಕ್ರೀಟಿನ ಕಟ್ಟೆ ಹತ್ತಿ ಬೇಲಿಗೆ ಹೊಡೆಯಿತು. ಬೇಲಿ ಕಾಲುದಾರಿಯ ಮೇಲಕ್ಕೆ ಹೊಟ್ಟೆ ಬಿಟ್ಟಹಾಗೆ ಬಾಗಿತು. ಅವಳು ಯಾವಾಗಲೂ ಬೆರಳು ಸಿಕ್ಕಿಸುತ್ತಿದ್ದ ಆ ಕಡೆ ತಂತಿ ಹರಿದು ಸುರುಳಿಯಾಗಿತ್ತು.

ಮಗಳು ಅದರಾಚೆ ನಿಂತಿದ್ದಳು. ಏನೂ ಆಗಿರಲಿಲ್ಲ. ಇದನ್ನು ಬರೆಯುವಾಗಲೂ ಆ ವಾಕ್ಯವನ್ನು ಇನ್ನೊಮ್ಮೆ ಓದಿಕೊಂಡೆ...

ಅಜ್ಜ ಇಳಿದು, ಕುಂಟುತ್ತಾ ಸುತ್ತುಬಳಸಿ ಕಾಲುದಾರಿಗೆ ಬಂದರು. ಕೆಂಪು ಟೋಪಿ ತೆಗೆದು ಮಗುವಿನ ಮುಂದೆ ನೆಲಕ್ಕೆ ಮಂಡಿಯೂರಿದರು. ಅವಳು ಅಳಲಿಲ್ಲ. ಸ್ವಲ್ಪ ಕೋಪದಲ್ಲೇ, "ಹೋಲ್ಡಾನ್ ಅಂತ ಹೇಳಿದ್ನಲ್ಲಾ ಜೀಚಾನ್, ಕೇಳಿಸ್ಲಿಲ್ವಾ?" ಎಂದಳು. ಅವರಿಗೆ ಕನ್ನಡ ಬರುತ್ತಿರಲಿಲ್ಲ. "ಕೇಳಿಸ್ತು" ಎಂದು ಜಪಾನಿಯಲ್ಲಿ ಉತ್ತರ ಕೊಟ್ಟರು.

ಪೊಲೀಸರಿಗೆ ಅವರೇ ಫೋನ್ ಮಾಡಿದರು. ಬೇಲಿ ಬಾಗಿದರೂ ಇಲ್ಲಿ ತಿಳಿಸಲೇಬೇಕು. ಒಬ್ಬ ಪೊಲೀಸ್ ಬಂದ, ವಿನಯವಂತ. ಅಜ್ಜ ನೇರವಾಗಿ ನಿಂತು, "ನಾನು ಬ್ರೇಕೇ ತುಳಿದೆ. ಕಾರು ನಿಲ್ಲಲಿಲ್ಲ" ಎಂದರು. ಸುಳ್ಳು ಹೇಳುವವರ ಮುಖವಲ್ಲ ಅದು. ಅವರು ಹಾಗೆಂದೇ ನಂಬಿದ್ದರು. ಪೊಲೀಸ್, "ಹೌದಾ ತಾತ, ಹೌದಾ" ಎಂದು ತಲೆಯಾಡಿಸಿದ. ಮಕ್ಕಳನ್ನು ರಮಿಸುವ ಆ ದನಿ ಕೇಳಿ ಅಜ್ಜನ ಮುಖ ಬಿಗಿಯಿತು. ನನ್ನ ಕಡೆ ತಿರುಗಿದರು.

"ಹಕಾಸೆ, ನೀನು ಹಿಂದೆ ನಿಂತಿದ್ದೆ. ಕೆಂಪು ಹತ್ತಿತಾ?"

ಹತ್ತಿತು ಎಂದರೆ ತಪ್ಪು ಕಾರಿನದು. ಹತ್ತಲಿಲ್ಲ ಎಂದರೆ ಕಾಲಿನದು. ಕಾಲಿನದಾದರೆ ಲೈಸೆನ್ಸು ಹೋಯಿತು, ಕಾರು ಹೋಯಿತು, ಆ ಎರಡನೆಯ ಸೀಟೂ ಹೋಯಿತು. ಅಷ್ಟು ವರ್ಷ ಇಲ್ಲಿದ್ದು ನಾನೂ ಕಲಿತಿದ್ದೆ, ಇಂಥ ಕಡೆ 'ಸಾ...', ಏನೋಪ್ಪ, ಎಂದು ತಲೆ ಓರೆ ಮಾಡಿದರೆ ಸಾಕು, ಯಾರೂ ಮುಂದೆ ಕೇಳುವುದಿಲ್ಲ. ಹೇಳಿದಹಾಗೂ ಆಯಿತು, ಹೇಳದಹಾಗೂ ಆಯಿತು. ಮಗಳ ಕೈ ನನ್ನ ಕೈಯಲ್ಲಿತ್ತು, ಬ್ಯಾಟಿನ ಸಮೇತ.

ನಾನು ಕಾರಿನ ಹಿಂದಿನ ದೀಪದ ಕಡೆ ಬೆರಳು ಮಾಡಿದೆ. ಹಾಗೆ ಮಾಡಬೇಕೆಂದು ಯೋಚಿಸಿರಲಿಲ್ಲ. ಕೈ ತಾನಾಗಿ ಎದ್ದಿತು.

"ಬಿಳಿ ಹತ್ತಿತ್ತು. ಕೆಂಪು ಹತ್ತಲಿಲ್ಲ."

ಅಜ್ಜ ನನ್ನ ಬೆರಳನ್ನು ನೋಡಿದರು. ದೀಪವನ್ನು ನೋಡಿದರು. ಆಮೇಲೆ, ನನ್ನ ಪಾಠದ ದಿನಗಳಲ್ಲಿ ಹೇಳುತ್ತಿದ್ದ ದನಿಯಲ್ಲೇ, "ಯೋಷಿ" ಎಂದರು.

ಬೇಲಿಯ ಮಾಲೀಕರನ್ನು ಕಾದು, ವಿಮೆಯವರನ್ನು ಕಾದು, ಎಲ್ಲ ಮುಗಿಯುವಷ್ಟರಲ್ಲಿ ಆಟ ಅರ್ಧವಾಗಿತ್ತು. ಟಿಕೆಟ್ ಇದೆ, ಮಗುವಿಗೆ ಆಸೆ ತೋರಿಸಿದ್ದೇನೆ, ಹೋಗೋಣ ಎಂದರು. ಹೋದೆವು. ಸುತ್ತಲೂ ಕೆಂಪು ಅಂಗಿಯವರು ಕೂತು ಎದ್ದು, ಕೂತು ಎದ್ದು ಕೂಗುತ್ತಿದ್ದರು. ಅಜ್ಜ ಮೈದಾನದ ಕಡೆ ನೋಡುತ್ತಲೇ ಒಮ್ಮೆ ಮಾತಾಡಿದರು. "ಟ್ರಾಮಿಗೆ ಬ್ರೇಕು ಕೈಯಲ್ಲಿರುತ್ತೆ, ಹಕಾಸೆ. ನನ್ನ ಕೈ ಒಂದು ಸಲವೂ ತಪ್ಪಲಿಲ್ಲ." ಬಲಗಾಲನ್ನು ಸೀಟಿನಡಿಗೆ ಎಳೆದುಕೊಂಡರು. ಯಾರು ಗೆದ್ದರೆಂದು ನನಗೆ ನೆನಪಿಲ್ಲ. ವಾಪಸು ಬರುವಾಗ ಕಾರು ನಾನು ಓಡಿಸಿದೆ. ಅವರು ಹಿಂದಿನ ಸೀಟಿನಲ್ಲಿ ಕೂತರು. ನಿದ್ದೆ ಹೋದ ಮಗಳ ತಲೆ ಅವರ ತೋಳಿನ ಮೇಲಿತ್ತು.

ಕೆಲವೇ ದಿನಗಳಲ್ಲಿ ಲೈಸೆನ್ಸ್ ಹಿಂತಿರುಗಿಸಿ ಬಂದರು. ಹಾಗೆ ಹಿಂತಿರುಗಿಸಿದವರಿಗೆ ಟ್ರಾಮಿನಲ್ಲಿ ರಿಯಾಯಿತಿ ಇದೆಯಂತೆ. "ನನ್ನ ಟ್ರಾಮಿಗೆ ನನಗೇ ರಿಯಾಯಿತಿ!" ಎಂದು ನಕ್ಕರು. ಆದರೆ ಆ ವರ್ಷ ಮತ್ತೆ ಆಟಕ್ಕೆ ಹೋಗಲಿಲ್ಲ. ಕೆಳಗಿನ ಮನೆಯಿಂದ ರೇಡಿಯೋದ ವೀಕ್ಷಕ ವಿವರಣೆ ನೆಲದ ಮೂಲಕ ನಮಗೆ ಕೇಳಿಸುತ್ತಿತ್ತು. ಹೆಂಡತಿ ಒಮ್ಮೆ, "ಗೊತ್ತಾಗ್ಲಿಲ್ಲ ಅಂತ ಅಂದುಬಿಡಬಹುದಿತ್ತೇನೋ..." ಎಂದವಳು, ಮಗಳನ್ನು ನೋಡಿ ಅಲ್ಲಿಗೇ ನಿಲ್ಲಿಸಿದಳು.

ಮರುವರ್ಷ ವಸಂತದಲ್ಲಿ ಒಂದು ಬೆಳಗ್ಗೆ ಬಾಗಿಲು ತಟ್ಟಿದರು. ಕೆಂಪು ಟೋಪಿ ಹಾಕಿಕೊಂಡಿದ್ದರು. "ಟ್ರಾಮಿನಲ್ಲಿ ಹೋಗೋಣ." ಅಷ್ಟೇ ಅಂದದ್ದು. ಟ್ರಾಮಿನಲ್ಲಿ ಸೀಟು ಬಿಟ್ಟುಕೊಟ್ಟರೂ ಕೂರದೆ ಮುಂದೆ ಹೋಗಿ, ಡ್ರೈವರನ ಬೆನ್ನ ಹಿಂದೆ ಕಂಬ ಹಿಡಿದು ನಿಂತರು. ಡ್ರೈವರ್ ಸಿಗ್ನಲ್ಲಿಗೆ ಬೆರಳು ತೋರಿಸಿದಾಗಲೆಲ್ಲ ಅಜ್ಜನ ಬೆರಳೂ ತೊಡೆಯ ಪಕ್ಕದಲ್ಲೇ ಸಣ್ಣಗೆ ಏಳುತ್ತಿತ್ತು. ತುಟಿ ಅಲುಗುತ್ತಿತ್ತು. ಕ್ರೀಡಾಂಗಣದ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಅವರು ಇಳಿದರು. ಬಾಗಿಲು ಮುಚ್ಚಿ ಟ್ರಾಮ್ ಹೊರಟುಹೋಗುವವರೆಗೆ ನೋಡುತ್ತಾ ನಿಂತು, "ಈ ಸಲ ನಾನು ಈ ಕಡೆ" ಎಂದರು.

ಆ ವರ್ಷದ ಕೊನೆಗೆ ನನಗೆ ಜಪಾನಿನದೇ ಇನ್ನೊಂದು ಊರು ಸಗಮಿಹಾರಾದಲ್ಲಿ ಕೆಲಸ ಸಿಕ್ಕಿ ನಾವು ಹಿರೋಷಿಮಾ ಬಿಟ್ಟೆವು. ಹೊಸವರ್ಷದ ಕಾರ್ಡುಗಳು ಹೋಗಿ ಬರುತ್ತಿದ್ದವು. ಒಂದು ಡಿಸೆಂಬರಿನಲ್ಲಿ ಅವರ ಮಗಳಿಂದ ಬೂದು ಅಂಚಿನ ಕಾರ್ಡು ಬಂತು. ಮನೆಯಲ್ಲಿ ಸೂತಕ, ಈ ಸಲ ಶುಭಾಶಯ ಕಳಿಸುವುದಿಲ್ಲ ಎನ್ನುವ ಕಾರ್ಡು...

ಹೋದ ವಾರ ಆ ವಾಸನೆಯಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಪಕ್ಕದ ಸೀಟಿನಿಂದ ಹೆಂಡತಿ, "ಏನ್ರೀ, ಹೊರಡೋದಿಲ್ವಾ?" ಎಂದಳು. ಬಲಗಾಲನ್ನು ಮೆಲ್ಲಗೆ ಒತ್ತಿ ನೋಡಿದೆ. ನೋವಿತ್ತು. ಇಳಿದು, ಕೀಯನ್ನು ಅವಳ ಕೈಗೆ ಕೊಟ್ಟೆ. "ನೀನೇ ಓಡಿಸು." "ಇಷ್ಟು ಉಳುಕಿದ್ದಕ್ಕಾ?" ಎಂದಳು. ಆಮೇಲೆ ನನ್ನ ಮುಖ ನೋಡಿ ಸೀಟು ಬದಲಾಯಿಸಿದಳು. ಹಿಂದಿನ ಸೀಟಿನಲ್ಲಿದ್ದ ಮಗಳು, ಈಗ ಹೈಸ್ಕೂಲು, ಫೋನಿನಿಂದ ತಲೆಯೆತ್ತಲಿಲ್ಲ.

ಪೇಟೆಯ ಅಂಗಡಿಯ ನೆಲಮಾಳಿಗೆಯಲ್ಲಿ ಹೆಂಡತಿ ಕಾರನ್ನು ಹಿಂದಕ್ಕೆ ತರುವಾಗ ನಾನು ಇಳಿದು ಪಕ್ಕಕ್ಕೆ ನಿಂತೆ. ಕಾರಿನಲ್ಲಿ ಕ್ಯಾಮೆರಾ ಇದೆ, ಯಾರೂ ಇಳಿಯಬೇಕಿಲ್ಲ. ಹಿಂದಿನ ಕಿಟಕಿ ಕೆಳಗಿಳಿಯಿತು. "ಬರ್ಲಿ, ಬರ್ಲಿ" ಎಂದಳು ಮಗಳು, ತಗ್ಗಿದ ದನಿಯಲ್ಲಿ, ಯಾರಿಗೂ ಕೇಳಿಸಬಾರದೆಂಬಂತೆ. "ಹೋಲ್ಡಾನ್."

ಹಿಂದಿನ ಗೋಡೆ ಕೆಂಪಾಯಿತು. ಬೆರಳು ಮಾಡಿ ತೋರಿಸಿ, ಹತ್ತಿತು ಎಂದು ಬಾಯಿಬಿಟ್ಟು ಹೇಳಿದೆ. ಯೋಷಿ ಎನ್ನಬೇಕಾದವರು ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ಅದನ್ನೂ ನಾನೇ ಹೇಳಿದೆ.