ಖಾನಾಪುರ ಸ್ಟ್ಯಾಂಡಿಗೆ ಹೋದ ಬೆಂಡಿನ ಚೂರು

ಬೆಳಗಾವಿ ಸೀಮೆಯಲ್ಲಿ ಮೋಟಾರು ವಿದ್ಯೆ ಕಲಿಸಿದವರು ಹಲವರಿದ್ದಾರೆ. ಗಾಡಿ ಕೆಟ್ಟಾಗ ಮೊದಲು ತನ್ನನ್ನೇ ಬಿಚ್ಚಿ ನೋಡಿಕೊಳ್ಳುವುದನ್ನು ಕಲಿಸಿದವರು, ಈ ವರ್ಷ ಪಾಲಿಟೆಕ್ನಿಕ್ಕಿನಿಂದ ನಿವೃತ್ತರಾಗುತ್ತಿರುವ ಶ್ರೀ ಈರಯ್ಯ ಹಿರೇಮಠರೊಬ್ಬರೇ. ಎಪ್ಪತ್ತರ ದಶಕದ ಆರಂಭದಲ್ಲಿ ಸೇವೆಗೆ ಸೇರಿದ ಅವರು ಖಾಸಬಾಗದ ಮನೆಯಿಂದ ಸೈಕಲ್ಲಿನಲ್ಲೇ ಬರುತ್ತಿದ್ದರು. ಮೋಟಾರು ಮಾಸ್ತರರಿಗೆ ಮೋಟಾರಿಲ್ಲವೆಂದು ನಗುವವರ ಜೊತೆ ತಾವೂ ನಗುತ್ತಿದ್ದರು. ಹಾಸ್ಟೆಲ್ಲಿನ ಹುಡುಗರಿಗೆ ರೊಟ್ಟಿ ಹಂಚುವಾಗ, ಮನೆಯಲ್ಲಿ ಹೆಚ್ಚಿಗೆ ಕಟ್ಟಿದ್ದಾರೆ ಎಂಬುದು ಅವರ ನಿತ್ಯದ ಸುಳ್ಳಾಗಿತ್ತು.

೧೯೮೧ರಲ್ಲಿ ಸರ್, ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ಟನ್ನು ಪೆಟ್ರೋಲಿಗೆ ಬೆರೆಸಿ ಓಡಿಸುವ ಪ್ರಯೋಗಕ್ಕೆ ಉತ್ಸಾಹದಿಂದ ಕೈಹಾಕಿದರು. ಹೊಸ ಗಾಡಿಗಳು ಚೆನ್ನಾಗಿಯೇ ಓಡಿದವು. ಹಳೆಯದೂ ಒಂದು ಬೇಕೆಂದಾಗ, ಖಾನಾಪುರ ಮತ್ತು ಪಾರಿಶ್ವಾಡದ ನಡುವೆ ಬಾಡಿಗೆ ಓಡಿಸುತ್ತಿದ್ದ ಸಮದ ಸಾಹೇಬರು ತಂದೆಯ ಕಾಲದ ತಮ್ಮ ಕಾರಿಗೆ ಸರ್ ಕೊಟ್ಟ ಪೆಟ್ರೋಲನ್ನೇ ಹಾಕಲು ಒಪ್ಪಿದರು. ಕೆಲವೇ ದಿನಗಳಲ್ಲಿ ಕಾರು ಕಂಡಕಂಡಲ್ಲಿ ನಿಲ್ಲತೊಡಗಿತು. ಸಾಹೇಬರು ಚಿಮಣಿ ಎಣ್ಣೆ ಕಲಬೆರಕೆ ಮಾಡುತ್ತಾರೆಂದು ಖಾನಾಪುರದ ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ ಗುಸುಗುಸು ಎದ್ದು, ಮಂದಿ ಬೇರೆ ಗಾಡಿ ಹತ್ತಿದರು. ತಂದೆ ಗಳಿಸಿಟ್ಟ ಹೆಸರು ಹೀಗೆ ಮಣ್ಣುಪಾಲಾಗುತ್ತಿರುವಾಗ ಸರ್ ಕೂಡ ಕೇಳಿಬಿಟ್ಟರು:

"ಚಿಮಣಿ ಎಣ್ಣಿ ಏನರ ಹಾಕೀರೇನ್ರಿ, ಸಾಹೇಬ್ರ?"

ಸಾಹೇಬರು ಕಾರಿನ ಕೀಲಿಯನ್ನು ಸರ್ ಅವರ ಮೇಜಿನ ಮೇಲಿಟ್ಟು ಬಸ್ಸಿಗೆ ಹೊರಟುಹೋದರು. ಆ ಕೀಲಿ ಸರ್ ಅವರಿಗೆ ಊಟ ಸೇರಗೊಡಲಿಲ್ಲ. ತಾವೇ ಕುಳಿತು ಕಾರ್ಬುರೇಟರ್ ಬಿಚ್ಚಿದರು. ಅದರೊಳಗೆ ಪೆಟ್ರೋಲಿನ ಮಟ್ಟ ಕಾಯಲು ತೇಲುವ ಬೆಂಡಿನ ಚೂರಿಗೆ ಹಿಂದಿನ ಕಾಲದಲ್ಲಿ ಅರಗು ಬಳಿಯುತ್ತಿದ್ದರು. ಸ್ಪಿರಿಟ್ಟಿಗೆ ಆ ಅರಗು ಕರಗಿ, ಬೆಂಡು ಪೆಟ್ರೋಲ್ ಕುಡಿದು ತಳ ಸೇರಿತ್ತು. ಪೆಟ್ರೋಲ್ ಉಕ್ಕಿ ಹರಿದು ಎಂಜಿನ್ ಉಸಿರುಗಟ್ಟುತ್ತಿತ್ತು. ಹೊಸ ಗಾಡಿಗಳಲ್ಲಿ ತೇಲುವುದು ಹಿತ್ತಾಳೆಯದಾದ್ದರಿಂದ ಅವಕ್ಕೆ ಈ ಬಾಧೆಯಿರಲಿಲ್ಲ.

ಸದ್ದಿಲ್ಲದೆ ರಿಪೇರಿ ಮಾಡಿಕೊಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸರ್ ಆ ಬೆಂಡನ್ನು ಬಾಟಲಿಯಲ್ಲಿಟ್ಟುಕೊಂಡು ಸಂತೆಯ ದಿನವೇ ಖಾನಾಪುರ ಸ್ಟ್ಯಾಂಡಿಗೆ ಹೋದರು. ನೆರೆದ ಜನರೆದುರು ಅದನ್ನು ಎತ್ತಿ ಹಿಡಿದು, ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದರು:

"ಸಾಹೇಬ್ರು ಏನೂ ಬೆರಸಿಲ್ರಿ. ಬೆರಸಿದಾವ ನಾನು. ಸಾಲದ್ದಕ್ಕ ಅವರ ಮ್ಯಾಲ ಸಂಶೇನೂ ಪಟ್ಟೆ. ತಪ್ಪು ನಂದೈತಿ."

ಬೆಂಡಿನ ಬದಲು ಹಿತ್ತಾಳೆಯದನ್ನು ತಾವೇ ಕೂಡಿಸಿಕೊಟ್ಟರು. ಹಳೆಯ ಗಾಡಿಗಳಿಗೆ ಈ ಬದಲಾವಣೆಯಾಗದೆ ಸ್ಪಿರಿಟ್ ಬೇಡವೆಂದು ಅವರು ವರದಿಯಲ್ಲಿ ಬರೆದಾಗ ಪ್ರಯೋಗದ ಮೇಲ್ವಿಚಾರಣೆಗಿದ್ದ ಹಿರಿಯರು ಮುಖ ಗಂಟಿಕ್ಕಿದರು; ಸರ್ ಒಂದಕ್ಷರವನ್ನೂ ತಿದ್ದಲಿಲ್ಲ. ಅವರ ವಿದ್ಯಾರ್ಥಿಗಳಾದ ನಮಗಂತೂ ಆ ದಿನ ಅವರ ಮೇಲಿನ ಅಭಿಮಾನ ಇಮ್ಮಡಿಸಿತು.

ಈ ಅಭಿನಂದನ ಗ್ರಂಥಕ್ಕಾಗಿ ನಾಲ್ಕು ಮಾತು ಕೇಳಲು ಹೋದಾಗ ಸಮದ ಸಾಹೇಬರು ಹೇಳಿದರು:

"ಸರ್ ನನ್ನ ಮನಿಗೆ ಬಂದು ಮಾಫಿ ಕೇಳಬಹುದಿತ್ರಿ. ಸ್ಟ್ಯಾಂಡಿಗೆ ಬಂದ್ರು. ನನ್ನ ಹೆಸರು ಕಳದಿದ್ದು ಅಲ್ಲೇ ನೋಡ್ರಿ."

ಪೂಜ್ಯ ಸರ್ ಅವರ ಆಯುಷ್ಯ ಬೆಳೆಯಲಿ. ನಟ್ಟು ಬಿಚ್ಚುವ ಪಾನಾ ಹಿಡಿದ ಆ ಕೈಗೆ ನಿವೃತ್ತಿಯಲ್ಲೂ ಬಿಡುವು ಸಿಗದಿರಲಿ. ಬೀಳ್ಕೊಡುಗೆಯ ಸಮಾರಂಭಕ್ಕೆ ಅವರನ್ನು ಕರೆತರುವವರು ಸಮದ ಸಾಹೇಬರೇ. ಆ ಹಳೆಯ ಕಾರು ನಡುದಾರಿಯಲ್ಲಿ ನಿಂತರೆ ನಾವೆಲ್ಲ ಕಾಯುತ್ತೇವೆ. ಸಾಹೇಬರನ್ನು ಮಾತ್ರ ಯಾರೂ ಏನೂ ಕೇಳುವುದಿಲ್ಲ.