ಕೆಂಪು ನೂಲಿನ ಸಾಲು

ದಿಂಬಿನ ಗವಸಿನ ಮೇಲೆ ಹೂವಿದ್ದರೆ ಯಾರೂ ಅದರ ಅರ್ಥ ಕೇಳುವುದಿಲ್ಲ, ಅಕ್ಷರವಿದ್ದರೆ ಕೇಳುತ್ತಾರೆ. ನಮ್ಮ ಮನೆಯ ಗೊಂದಲವೆಲ್ಲ ಶುರುವಾದದ್ದು ಅಮ್ಮ ಹೂವು ಬಿಟ್ಟು ಅಕ್ಷರಕ್ಕೆ ಕೈಹಾಕಿದ್ದರಿಂದಲೇ ಎಂದು ನನ್ನ ಗುಮಾನಿ.

ಎಂಬತ್ತರ ದಶಕದ ನಡುವಿನ ಮಾತು. ತಮಿಳುನಾಡಿನ ಪಲ್ಲಡಂನಲ್ಲಿ ಅಪ್ಪ ವಿದ್ಯುತ್ ಮಗ್ಗ ನಡೆಸುತ್ತಿದ್ದರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು; ಕನ್ನಡದ ಲಿಪಿ ಮಾತ್ರ ನಮ್ಮಲ್ಲಿ ಯಾರಿಗೂ ಬರುತ್ತಿರಲಿಲ್ಲ. ಹೀಗಿರುವಾಗ ಅಕ್ಕ ಸರೋಜಾಳಿಗೆ, ಮೈಸೂರು ಕಡೆಯಿಂದ ತಿರುಪ್ಪೂರಿನ ಬನಿಯನ್ ಕಂಪನಿಯೊಂದಕ್ಕೆ ಕೆಲಸಕ್ಕೆ ಬಂದಿದ್ದ ವರ ಗೊತ್ತಾದ.

"ಓದ್ದೋರ ಮನೆ. ನಮ್ಮನ್ನ ತಮಿಳ್ನೋರು ಅಂದ್ಕೊಂಬಿಟ್ಟಾರು," ಎಂದು ಅಮ್ಮನಿಗೆ ಚಿಂತೆ. "ನಾವೂ ಕನ್ನಡದೋರೇ ಅಂತ ಕಾಣೋಹಂಗೆ ಏನಾದ್ರೂ ಕೈಯಾರೆ ಮಾಡ್ಕೊಡಣ, ಕಣ್ಣು."

ಯಾರೋ ನಂಜನಗೂಡಿನಿಂದ ತಂದಿದ್ದ ಊದುಬತ್ತಿ ಪೊಟ್ಟಣದಲ್ಲಿ, ದೇವರ ಚಿತ್ರದ ಕೆಳಗೆ, ಒಂದು ಸಾಲು ಕನ್ನಡವಿತ್ತು. ದೇವರ ಪಾದದಡಿ ಇರುವುದು ಆಶೀರ್ವಾದವಲ್ಲದೆ ಮತ್ತೇನು? ಹದಿಮೂರರ ನಾನು ಅದನ್ನು ಪೆನ್ಸಿಲಿನಿಂದ ಬಟ್ಟೆಗಿಳಿಸಿದೆ. ಅಮ್ಮ ಕೆಂಪು ನೂಲಿನಲ್ಲಿ ಹೊಲಿದಳು. ಅಕ್ಕ ತನ್ನ ಉಡುಗೊರೆಗೆ ತಾನೇ ಅಂಚು ಕಟ್ಟಿದಳು. ಮೂರು ತಲೆಗಳು ಒಂದೇ ಬಟ್ಟೆಯ ಮೇಲೆ ಬಾಗಿ, ಗುಂಡಗುಂಡಗಿನ ಆ ಅಕ್ಷರಗಳನ್ನು ಓದಲಾರದೆಯೇ ಮುದ್ದಿಸುತ್ತ ಕಳೆದ ಮಧ್ಯಾಹ್ನಗಳ ನಗು ಆ ಮನೆಯಲ್ಲಿ ಮತ್ತೆ ಕೇಳಿಸಿತೋ ಇಲ್ಲವೋ ಕಾಣೆ.

ಮದುವೆಯ ಮರುದಿನ ಅಮ್ಮ ಗವಸನ್ನು ಬಾವನ ಕೈಗಿತ್ತು, "ಏನಂತ ಬರ್ದದೆ, ಓದಿ ಮಾಪಿಳ್ಳೆ," ಎಂದಳು.

ಬಾವ ಸಾಲನ್ನು ನೋಡಿ, ಅಮ್ಮನ ಮುಖ ನೋಡಿ, "ಚೆನ್ನಾಗಿ ಬಾಳಿ ಅಂತ ಇದೆ, ಅತ್ತೆ," ಎಂದರು. ಅಮ್ಮನ ಕಣ್ಣು ತುಂಬಿ ಬಂತು.

ಮರುವರ್ಷ ಬೇಸಿಗೆ ರಜೆಗೆ ಅಕ್ಕನ ಮನೆಗೆ ಹೋದಾಗ ಬಾವ ನನಗೆ ಕನ್ನಡ ಅಕ್ಷರ ಕಲಿಸಿದರು. ರಜೆ ಮುಗಿಯುವ ಹೊತ್ತಿಗೆ, ಒಗೆದು ಹಗ್ಗಕ್ಕೆ ಹಾಕಿದ್ದ, ಇನ್ನೂ ನೀರು ತೊಟ್ಟಿಕ್ಕುತ್ತಿದ್ದ ಗವಸನ್ನು ಕೂಡಿಸಿ ಕೂಡಿಸಿ ಓದಿದೆ: ತೇವವಿಲ್ಲದ ಜಾಗದಲ್ಲಿಡಿ.

ಮೊದಲು ನಗು ಬಂತು, ಹಿಂದೆಯೇ ಅಳು. "ಯಾಕೆ ಬಾವ ಸುಳ್ಳು ಹೇಳಿದ್ರಿ?"

"ಅಷ್ಟೊಂದು ಪ್ರೀತಿಯಿಂದ ಹೊಲಿದದ್ದನ್ನ ಬೇರೆ ಥರ ಓದೋಕೆ ನನಗಾಗಲಿಲ್ಲ," ಎಂದರು ಬಾವ. "ನಿಮ್ಮಕ್ಕನಿಗೆ ಗೊತ್ತು. ಅಮ್ಮನಿಗೆ ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು."

ನೀವೇ ಹೇಳಿ ಓದುಗರೇ, ನಾನೇನು ಮಾಡಬೇಕಿತ್ತು? ಬಾವ ಓದಿದ್ದು ಸುಳ್ಳೋ, ಅಥವಾ ಪೊಟ್ಟಣದಲ್ಲಿದ್ದುದನ್ನು ಬಿಟ್ಟು ಅಮ್ಮ ನಿಜಕ್ಕೂ ಹೊಲಿದದ್ದನ್ನೇ ಓದಿದರೋ? ನಿಜ ಹೇಳಿದರೆ ಅಮ್ಮನಿಗೆ ಮಗಳ ಮನೆಯಲ್ಲಿ ತಲೆಯೆತ್ತಲು ನಾಚಿಕೆ. ಹೇಳದಿದ್ದರೆ ಅವಳನ್ನು ಬಿಟ್ಟು ಉಳಿದವರೆಲ್ಲ ಒಂದಾದಂತೆ. ಕಲಿತ ಅಕ್ಷರ ಬೆಳಕು ಕೊಡುವುದೆಂದು ಕೇಳಿದ್ದೆ. ನನಗೆ ಕೊಟ್ಟದ್ದು ಬರೀ ತಬ್ಬಿಬ್ಬು. ಊರಿಗೆ ಮರಳುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುವ ಮಾತನ್ನು ಜೋಡಿಸಿದೆ, ಕೆಡವಿದೆ, ಮತ್ತೆ ಜೋಡಿಸಿದೆ.

ಮನೆಯಲ್ಲಿ ಅಮ್ಮ ಬಿಳಿಬಟ್ಟೆ ಹರವಿಕೊಂಡು ಕುಳಿತಿದ್ದಳು. ಅಕ್ಕನಿಗೆ ಆಗ ಐದು ತಿಂಗಳು. ಜೋಪಾನವಾಗಿ ಎತ್ತಿಟ್ಟಿದ್ದ ಪೊಟ್ಟಣ ಪಕ್ಕದಲ್ಲಿತ್ತು. ಈ ಬಾರಿ ತಾನೇ ನೋಡಿ ಬರೆದುಕೊಂಡು, ಅದೇ ಸಾಲನ್ನು ಹೊಲಿದು ಮುಗಿಸಿದ್ದಳು.

"ತೊಟ್ಲಿಗೆ ಹಾಸಕ್ಕೆ. ಕೂಸೂ ಚೆನ್ನಾಗಿ ಬಾಳ್ಲಿ," ಎಂದು ಬಟ್ಟೆಯನ್ನು ನನ್ನ ಮಡಿಲಿಗಿಟ್ಟಳು. "ನೀನೀಗ ಓದಕ್ಕೆ ಕಲ್ತಿದೀಯಲ್ಲ. ಎಲ್ಲಾದ್ರೂ ತಪ್ಪಿದ್ರೆ ಹೇಳು."

ಸಾಲಿನ ಮೇಲೆ ಬೆರಳಾಡಿಸುತ್ತ ಮೆಲ್ಲಗೆ ಓದಿಕೊಂಡೆ. ಒಂದಕ್ಷರವೂ ತಪ್ಪಿರಲಿಲ್ಲ.

"ಎಲ್ಲ ಸರಿಯಾಗೇ ಅದೆ, ಅಮ್ಮ," ಎಂದೆ.