ನುಣುಪಾದ ಹಲ್ಲುಗಳು

ನನ್ನ ಲೆಕ್ಕ ತಪ್ಪಿದೆ ಎಂದು ಯಾರಾದರೂ ಅಂದರೆ ನನಗೆ ಮೊದಲು ಬರುವುದು ಸಿಟ್ಟು. ಅನುಮಾನ ಬಹಳ ತಡವಾಗಿ ಬರುತ್ತದೆ. ಬಳ್ಳಾರಿ ಹೊರಗಿನ ಕಾರ್ಖಾನೆಯಲ್ಲಿ ದೊಡ್ಡ ಕಂಪ್ರೆಸರ್‌ಗಳ ಸೀಲಿನಿಂದ ಎಷ್ಟು ಅನಿಲ ಸೋರುತ್ತದೆ ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಹೇಳುವುದು ನನ್ನ ಕೆಲಸ. ತಿರುಗುವ ಶಾಫ್ಟಿಗೆ ಏನೂ ತಾಗುವಂತಿಲ್ಲ. ಹಾಗಾಗಿ ಅದರ ಸುತ್ತ ಕೂದಲೆಳೆಯಷ್ಟು ಸಂದು ಬಿಟ್ಟು ತೆಳು ಹಲ್ಲುಗಳ ಸಾಲು ಇಡುತ್ತಾರೆ, ಅದೇ ಸೀಲು. ನಮ್ಮೂರು ಕರೂರಿನ ಗದ್ದೆಯಲ್ಲಿ ನೀರು ಒಂದೊಂದೇ ಮಡಿ ದಾಟುತ್ತಾ ಜೋರು ಕಳೆದುಕೊಳ್ಳುವ ಹಾಗೆ, ಅನಿಲವೂ ಹಲ್ಲಿನಿಂದ ಹಲ್ಲಿಗೆ ಸೊರಗುತ್ತದೆ.

ಹೊಸ ಸೀಲು ಕೂರಿಸಿ ಅಳೆದರೆ ಸೋರಿಕೆ ನನ್ನ ಅಂಕಿಗಿಂತ ಬಹಳ ಹೆಚ್ಚು.

"ಸುಮ್ನ ಒಂದು ಅಂಕಿಯಿಂದ ಗುಣಿಸಿ ಹೊಂದಿಸ್ರಿ. ಇಲ್ಲಾಂದ್ರ ನಿಮ್ಮ ಮಾದರಿ ಬಿಟ್ಟು ಹಳೇ ಚಾರ್ಟಿಗೇ ಹೋಗೂಣು" ಎಂದರು ಮ್ಯಾನೇಜರ್.

ಅದು ನನ್ನ ಎರಡು ವರ್ಷದ ಕೆಲಸ. ಹೊಂದಿಸುವುದಿಲ್ಲ ಎಂದೆ. ಒಂದು ವಾರ ಕೊಟ್ಟರು.

ಸಂದು ಅಳೆಸಿದೆ, ಸರಿಯಿತ್ತು. ಒತ್ತಡ, ಬಿಸಿ, ಅವೂ ಸರಿ. ಕೊನೆಗೆ ಪಕ್ಕದ ಕಂಪ್ರೆಸರಿಗೆ ಸೀಲು ಕೂರಿಸುವ ದಿನ ಫಿಟ್ಟರ್ ಬಳಿ ಸ್ಟೂಲು ಹಾಕಿಕೊಂಡು ಕೂತೆ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುವ ಹಿರಿಯರು. ಅವರ ಕೈಕೆಲಸಕ್ಕೆ ಕಾರ್ಖಾನೆಯೇ ತಲೆದೂಗುತ್ತಿತ್ತು. ಸೀಲು ಎತ್ತಿಕೊಂಡವರೇ ಪ್ರತಿ ಹಲ್ಲಿನ ಅಂಚಿಗೂ ಎಮರಿ ಕಾಗದ ತಿಕ್ಕಿ, ಹೆಬ್ಬೆರಳಾಡಿಸಿ ನುಣುಪು ನೋಡತೊಡಗಿದರು.

"ಕಾಕಾ, ಇದ್ಯಾಕ್ರಿ?"

"ಚೂಪು ಬಿಟ್ರ ಶಾಫ್ಟಿಗೆ ಗೀರು ಬೀಳತೈತಿ ಯವ್ವ. ಮೂವತ್ತು ವರ್ಷದಿಂದ ಹಿಂಗ ಮಾಡ್ತೀನಿ."

ನನ್ನ ಮಾದರಿಯಲ್ಲಿ ಅಂಚು ಚೂಪಾಗಿತ್ತು. ಚೂಪು ಅಂಚಿನಲ್ಲಿ ಅನಿಲದ ಧಾರೆ ಕುಗ್ಗಿ ಹಾಯುತ್ತದೆ, ದುಂಡಾದರೆ ಆರಾಮಾಗಿ ಜಾರಿಕೊಂಡು ಹೆಚ್ಚು ಸೋರುತ್ತದೆ. ಗೆದ್ದೆ ಎಂದು ಖುಷಿಯಾಯಿತು. ಆ ಖುಷಿಯಲ್ಲೇ ಅವರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಕಾಗದ ಕೆಳಗಿಟ್ಟರು.

ಇನ್ನೊಂದು ಸೀಲು ತರಿಸಿ ಅಂಚು ಮುಟ್ಟದೆ ಕೂರಿಸಿದರು. ಸೋರಿಕೆ ನನ್ನ ಅಂಕಿಯ ಹತ್ತಿರಕ್ಕೇ ಬಂತು.

"ಹಂಗಾರ ತಪ್ಪು ಫಿಟ್ಟರ್‌ದು" ಎಂದರು ಮ್ಯಾನೇಜರ್.

"ಅಲ್ರಿ ಸರ್. ಅಂಚು ಚೂಪಿರಬೇಕಂತ ಡ್ರಾಯಿಂಗ್‌ನಾಗ ಯಾರೂ ಬರ್ದಿಲ್ಲ. ಎರಡು ವರ್ಷದಾಗ ನಾನೂ ಒಂದ್ಸಲನೂ ಅವ್ರ ಕೆಲಸ ನೋಡಾಕ ಹೋಗಿಲ್ಲ."

ವರದಿಯಲ್ಲೂ ಹಾಗೇ ಬರೆದೆ. ಮಾದರಿ ಉಳಿಯಿತು. ಸಂಜೆ ಬಸ್ಸಿಗೆ ಹೊರಟ ಕಾಕಾ ನನ್ನ ಮೇಜಿನ ಬಳಿ ನಿಂತರು.

"ಇಷ್ಟು ವರ್ಷ ನಾ ಕೆಡಿಸ್ಕೊಂತನ ಬಂದ್ನೇನವ್ವ?"

ನನ್ನ ಲೆಕ್ಕ ಸರಿಯಿರುವುದು ನನಗೆ ಬೇಡವೆನಿಸಿದ್ದು ಅದೊಂದೇ ಸಲ.